ಮೊಮೊ ಬಿಟ್ಟು ತೆಂತುಕ್

ಟಿಬೆಟನ್ ಹೋಟೆಲಿಗೆ ಮೊದಲ ಸಲ ಹೋಗುವವರು ಮೊಮೊ ತರಿಸಬಾರದು. ಮೊಮೊ ರುಚಿಯಿಲ್ಲವೆಂದಲ್ಲ, ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಮಯೊನೀಸ್ ಬಳಿದುಕೊಂಡು ಅದು ಆಗಲೇ ನಮ್ಮ ಸಂಜೆಯ ತಿಂಡಿಯಾಗಿಬಿಟ್ಟಿದೆ. ಬೈಲಕುಪ್ಪೆಯ ಚಿನ್ನದ ದೇವಾಲಯ ನೋಡಲು ಹೋಗಿ ಅದನ್ನೇ ತಿಂದು ಬಂದರೆ, ಗೊತ್ತಿರುವ ರುಚಿಯನ್ನು ಪೆಟ್ರೋಲು ಸುಟ್ಟು ಇನ್ನೊಮ್ಮೆ ಕೊಂಡಂತಾಯಿತು, ಅಷ್ಟೆ. ತರಿಸಬೇಕಾದದ್ದು ತೆಂತುಕ್. ನಾದಿ ನೆನೆಯಲು ಬಿಟ್ಟ ಹಿಟ್ಟನ್ನು ಪಟ್ಟಿಯಾಗಿ ಎಳೆದು ಮುಂಗೈಗೆ ಜೋತುಹಾಕಿಕೊಂಡು, ಕುದಿಯುವ ಸಾರಿನ ಮೇಲೆ ನಿಂತು, ಹೆಬ್ಬೆರಳ ಗಾತ್ರದ ತುಂಡುಗಳನ್ನು ಚಿವುಟಿ ಚಿವುಟಿ ಎಸೆಯುತ್ತಾರೆ. ಬೆರಳು ಒತ್ತಿದ ಅಂಚು ತೆಳ್ಳಗಾಗಿ ಸಾರಿನಲ್ಲಿ ಕರಗುವಂತಿರುತ್ತದೆ, ನಡು ಮಾತ್ರ ಹಲ್ಲಿಗೆ ಸಿಗುತ್ತದೆ. ಮೂಲಂಗಿ, ಶುಂಠಿ, ಬೆಳ್ಳುಳ್ಳಿ, ಕೊನೆಗೊಂದು ಹಿಡಿ ಸೊಪ್ಪು. ಅಡುಗೆಯವರ ಕೈ ಎಂಥದ್ದೆಂದು ತಿಳಿಯಲು ಇದೊಂದು ಬಟ್ಟಲು ಸಾಕು.

ಸಪ್ಪೆ, ಒಗ್ಗರಣೆಯೇ ಇಲ್ಲ ಎಂಬುದು ನಮ್ಮವರ ಮೊದಲ ತಕರಾರು. ಅದು ಅಡುಗೆ ಬಾರದವರ ಸಪ್ಪೆಯಲ್ಲ, ನೆಲದ ಲೆಕ್ಕಾಚಾರ. ಲ್ಹಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಬೇಳೆ ಬೇಯುವುದೇ ಕಷ್ಟ. ಸೌದೆಗೂ ಬರ, ಒಲೆಗೆ ಯಾಕ್ ಸಗಣಿಯೇ ಗತಿ. ಹಾಗಾಗಿ ಹಿಟ್ಟನ್ನು ಬೇಗ ಬೇಯುವಂತೆ ತೆಳ್ಳಗೆ ಚಿವುಟಬೇಕು. ಬಾರ್ಲಿಯನ್ನು ಮೊದಲೇ ಹುರಿದು ಬೀಸಿಟ್ಟುಕೊಳ್ಳಬೇಕು. ಆ ಹಿಟ್ಟೇ ತ್ಸಂಪಾ. ರಾಗಿ ಹುರಿಹಿಟ್ಟು ತಿಂದು ಬೆಳೆದವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಬೆಣ್ಣೆ ಚಹಾ ಮಾತ್ರ ಹೊಸಬರನ್ನು ಬೆಚ್ಚಿಬೀಳಿಸುತ್ತದೆ, ತಪ್ಪು ಚಹಾದ್ದಲ್ಲ, ಹೆಸರಿನದ್ದು. ಸಕ್ಕರೆಯನ್ನು ಮರೆತು, ಉಪ್ಪು ಹಾಕಿದ ತೆಳು ಸಾರೆಂದುಕೊಂಡು ಕುಡಿದರೆ ಎರಡನೆಯ ಗುಟುಕು ಸಲೀಸಾಗಿ ಇಳಿಯುತ್ತದೆ. ಖಾರ ಬೇಕಾದವರಿಗೆ ಮೇಜಿನ ಮೇಲೆ ಸೆಪೆನ್ ಚಟ್ನಿ ಇದ್ದೇ ಇರುತ್ತದೆ. ಇನ್ನು ಮಾಂಸದಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಎರ್ಮಾ ಕಾಳು, ನಮ್ಮ ಕರಾವಳಿಯವರು ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ದಾಯಾದಿ.

ಮೈದಾ, ಎಲೆಕೋಸು ಹಾಕಿದ್ದು ಅಸಲಿ ಟಿಬೆಟನ್ ಊಟ ಹೇಗಾದೀತು ಎಂದು ಕೇಳುವ ಜಾಣರೂ ಇದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯ ಕಾಡು ಕಡಿದು ನೆಲೆಯೂರಿದ ಟಿಬೆಟನ್ ನಿರಾಶ್ರಿತರಿಗೆ ಯಾಕ್ ಎಲ್ಲಿತ್ತು? ಅವರು ಬೆಳೆದದ್ದು ಮುಸುಕಿನ ಜೋಳ, ಕೊಂಡದ್ದು ಪೇಟೆಯ ಮೈದಾ. ಬೆಣ್ಣೆ ಹಸುವಿನದಾಯಿತು, ಚಹಾ ಕಡೆಯುವ ಉದ್ದನೆಯ ಮರದ ಕೊಳವೆಯ ಜಾಗಕ್ಕೆ ಮಿಕ್ಸಿ ಬಂತು. ಇದನ್ನು ನಕಲಿ ಎನ್ನುವುದಾದರೆ, ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿ ಬಿದ್ದ ನಮ್ಮ ಸಾರನ್ನೂ ನಕಲಿ ಎನ್ನಬೇಕಾದೀತು.

ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ, ಮೂಳೆ ಸಾರು ಬೇಡವೆಂದು ಮೊದಲೇ ಹೇಳಿ ತರಕಾರಿ ತೆಂತುಕ್ ಕೇಳಬಹುದು. ಪಲ್ಯಕ್ಕೆ ಜತೆಯಾಗಿ ಹಬೆಯಲ್ಲಿ ಬೆಂದ, ಪದರ ಪದರವಾಗಿ ಬಿಚ್ಚಿಕೊಳ್ಳುವ ಟಿಂಗ್ಮೊ ಇದೆ. ಮೊಮೊ ಬೇಕೇ ಬೇಕೆನ್ನುವವರು ಎರಡನೆಯ ಸಲ ಹೋದಾಗ ತರಿಸಲಿ. ಆಗಲೂ ಕರಿದದ್ದು ಬೇಡ.