ಪದಕೋಶದಾಚೆಗೆ: ದತ್ತಾಂಶ ರಚನೆಯ ಕನ್ನಡ ಬೋಧನೆಯಲ್ಲಿ ಪದ, ವಾಕ್ಯ ಮತ್ತು ವ್ಯಾಪ್ತಿ

1. ಪ್ರಸ್ತಾವನೆ

ತಾಂತ್ರಿಕ ಶಿಕ್ಷಣವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ನೀಡಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅವಕಾಶ ಕಲ್ಪಿಸಿತು. ಅಂದಿನಿಂದ ಗಣಕ ವಿಜ್ಞಾನದ ಕನ್ನಡ ಬೋಧನೆಯ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಇಂಗ್ಲಿಷ್ ಪಾರಿಭಾಷಿಕ ಪದಕ್ಕೆ ಕನ್ನಡದಲ್ಲಿ ಯಾವ ಪದವನ್ನು ಬಳಸಬೇಕು? ಈ ಪ್ರಶ್ನೆ ಅಗತ್ಯವಾದದ್ದೇ. ಆದರೆ ಕಲಿಕೆಯ ನಿಜವಾದ ತೊಡಕು ಬೇರೆಡೆ ಇದೆಯೆಂಬುದು ನಮ್ಮ ವಾದ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಆಡುಮಾತನ್ನು ಮುಂದಿರಿಸಿಕೊಂಡು ದತ್ತಾಂಶ ರಚನೆ ಹಾಗೂ ಕ್ರಮಾವಳಿ ವಿಶ್ಲೇಷಣೆ ಎಂಬ ಎರಡು ಪಾಠಭಾಗಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

2. ಪದದ ಮಿತಿ

ಪರಿಭಾಷೆಯ ಬಗೆಗೆ ಎರಡು ನಿಲುವುಗಳು ಪ್ರಬಲವಾಗಿವೆ. 1961ರಲ್ಲಿ ಸ್ಥಾಪನೆಯಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ಪರಂಪರೆ ಮುಖ್ಯವಾಗಿ ಸಂಸ್ಕೃತ ಧಾತುಗಳನ್ನು ಆಶ್ರಯಿಸುತ್ತದೆ, ಡಿ. ಎನ್. ಶಂಕರ ಭಟ್ಟರ ನಿಲುವು ಕನ್ನಡದ್ದೇ ಬೇರುಗಳನ್ನು ಬಯಸುತ್ತದೆ. ಇವು ಪರಸ್ಪರ ವಿರುದ್ಧವಾಗಿ ಕಂಡರೂ ಎರಡರಲ್ಲಿಯೂ ಪದವೇ ಘಟಕ.

‘ಹೀಪ್’ ಎಂಬುದಕ್ಕೆ ಸಹಜವಾಗಿ ಹೊಳೆಯುವ ‘ರಾಶಿ’ಯನ್ನು ನೋಡೋಣ. ತೊಗರಿ, ಜೋಳ ಬೆಳೆಯುವ ಈ ಮೂರು ತಾಲ್ಲೂಕುಗಳಲ್ಲಿ ‘ರಾಶಿ ಮಾಡುವುದು’ ಎಂದರೆ ಒಕ್ಕಣೆ ಮಾಡುವುದು. ಶಾಲೆಯ ಭೌತಶಾಸ್ತ್ರದಲ್ಲಿ ಅದೇ ಪದ ‘ದ್ರವ್ಯರಾಶಿ’ಯಾಗಿ ಪರಿಮಾಣವೊಂದನ್ನು ಸೂಚಿಸುತ್ತದೆ. ಗಣಕ ವಿಜ್ಞಾನದ ಹೀಪ್ ಇವೆರಡೂ ಅಲ್ಲ: ಪ್ರತಿಯೊಂದು ಪೋಷಕ ಗಂಟೂ ತನ್ನ ಮಕ್ಕಳಿಗಿಂತ ಚಿಕ್ಕದಲ್ಲವೆಂಬ, ಅಥವಾ ದೊಡ್ಡದಲ್ಲವೆಂಬ, ನಿಯಮಕ್ಕೆ ಒಳಪಟ್ಟ ವೃಕ್ಷ ಅದು. ಕಣದಲ್ಲಿನ ರಾಶಿಗೆ ಅಂಥ ಯಾವ ಕ್ರಮವೂ ಇಲ್ಲ. ‘ಸ್ಟ್ಯಾಕ್’ಗೆ ‘ಬಣವಿ’ ಎಂದರೂ ತೊಡಕು ತಪ್ಪದು; ಬಣವಿಯಿಂದ ಮೇವನ್ನು ಪಕ್ಕದಿಂದಲೂ ಹಿರಿಯಬಹುದು. ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ರೊಟ್ಟಿ, ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ನಿಯಮಕ್ಕೆ ಹೆಚ್ಚು ಹತ್ತಿರದ ನಿದರ್ಶನ. ಆದರೆ ಅದು ನಿದರ್ಶನವೇ ಹೊರತು ಪದವಲ್ಲ.

‘ಕ್ಯೂ’ಗೆ ಸಲ್ಲುವ ‘ಪಾಳಿ’ಯ ಸ್ಥಿತಿ ಇನ್ನೂ ಕುತೂಹಲಕರ. ‘ಪಾಳಿ ಹಚ್ಚು’ ಎಂಬಲ್ಲಿ ಅದು ಸಾಲು. ‘ಈಗ ನಿನ್ನ ಪಾಳಿ’ ಎಂಬಲ್ಲಿ ಸರದಿ. ರಚನೆ ಹಾಗೂ ಆ ರಚನೆಯೊಳಗಿನ ಅವಕಾಶ ಎರಡನ್ನೂ ಒಂದೇ ಪದ ಹೊರುತ್ತದೆ. ಗಣಕ ವಿಜ್ಞಾನಕ್ಕೆ ಈ ಎರಡೂ ಬೇಕು, ಆದರೆ ಬೇರೆ ಬೇರೆಯಾಗಿ ಬೇಕು.

ಹಾಗೆಂದು ಪದಗಳು ದುಸ್ತರವಾದ ಅಡಚಣೆಯೇನಲ್ಲ. ‘ಸ್ಟ್ಯಾಕ್‌ದಾಗ ಪುಶ್ ಮಾಡು’ ಎಂಬ ಪ್ರಯೋಗದಲ್ಲಿ ಎರವಲು ನಾಮಪದ ಇಲ್ಲಿನ ಸಪ್ತಮಿ ಪ್ರತ್ಯಯವನ್ನು, ಎರವಲು ಕ್ರಿಯೆ ‘ಮಾಡು’ವನ್ನು ತಡೆಯಿಲ್ಲದೆ ಪಡೆಯುತ್ತವೆ. ಇದೇ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದಾಗಲೂ ತ್ರೈರಾಶಿ, ಪಂಚರಾಶಿಗಳಂತಹ ಪದಗಳನ್ನು ಹಾಗೆಯೇ ಉಳಿಸಿಕೊಂಡನು. ಅವನು ಕನ್ನಡಕ್ಕೆ ತಂದದ್ದು ಪದಗಳನ್ನಲ್ಲ, ನಿರೂಪಣೆಯನ್ನು.

3. ವಾಕ್ಯದ ತೊಡಕು

ಕ್ರಮಾವಳಿ ವಿಶ್ಲೇಷಣೆಯ ತಿರುಳಾದ ಬಿಗ್-ಓ ವ್ಯಾಖ್ಯೆಯಲ್ಲಿ ಎರಡು ಪರಿಮಾಣವಾಚಿಗಳಿವೆ: ‘ಒಂದು ಇದೆ’ ಮತ್ತು ‘ಪ್ರತಿಯೊಂದಕ್ಕೂ’. ಇಂಗ್ಲಿಷಿನಲ್ಲಿ ಇವನ್ನು ಅಸಮಾನತೆಯ ನಂತರ ಬಾಲದಂತೆ ಸೇರಿಸುವ ರೂಢಿಯುಂಟು. ಕ್ರಿಯಾಪದವನ್ನು ಕೊನೆಗಿಡುವ ಕನ್ನಡಕ್ಕೆ ಅದನ್ನು ತರುವಾಗ ಬಾಲವು ತಲೆಗೆ ಬರುತ್ತದೆ. ಆಗ ಹೀಗಾಗುವ ಸಂಭವವಿದೆ:

(1) ಪ್ರತಿಯೊಂದು ಎನ್‌ಗೂ ಒಂದು ಸ್ಥಿರಾಂಕ ಸಿ ಇದ್ದು, ಎಫ್‌ನ ಬೆಲೆ ಜಿಯ ಸಿ-ಪಟ್ಟನ್ನು ಮೀರುವುದಿಲ್ಲ.

(2) ಒಂದು ಸ್ಥಿರಾಂಕ ಸಿ ಮತ್ತು ಒಂದು ಎಲ್ಲೆ ಇವೆ. ಆ ಎಲ್ಲೆ ದಾಟಿದ ಎನ್ ಎಷ್ಟೇ ದೊಡ್ಡದಾದರೂ ಎಫ್‌ನ ಬೆಲೆ ಜಿಯ ಅದೇ ಸಿ-ಪಟ್ಟನ್ನು ಮೀರುವುದಿಲ್ಲ.

(1)ರಲ್ಲಿ ಪ್ರತಿ ಎನ್‌ಗೂ ಹೊಸ ಸಿ ಆರಿಸಿಕೊಳ್ಳುವ ಅವಕಾಶವಿದೆ. ಜಿಯ ಬೆಲೆ ಧನಾತ್ಮಕವಾಗಿದ್ದರೆ ಸಾಕು, ಯಾವ ಫಲನವೂ ಯಾವ ಫಲನದ ಮಿತಿಯೊಳಗೂ ಬಂದುಬಿಡುತ್ತದೆ. ವ್ಯಾಖ್ಯೆ ಏನನ್ನೂ ಹೇಳದಂತಾಗುತ್ತದೆ. ಆದರೂ ಅದರ ಒಂದೊಂದು ಪದವೂ ಸರಿಯಾಗಿದೆ. ಯಾವ ಪದಕೋಶವೂ ಈ ದೋಷವನ್ನು ಹಿಡಿಯಲಾರದು. (2)ರಲ್ಲಿ ವ್ಯಾಪ್ತಿಯನ್ನು ಕಾಯುವುದು ಎರಡು ಸಾಧನಗಳು: ವಾಕ್ಯಗಳ ಕ್ರಮ, ಮತ್ತು ‘ಅದೇ’ ಎಂಬಲ್ಲಿನ ಅವಧಾರಣೆಯ ಏಕಾರ.

ವ್ಯಾಪ್ತಿಯು ಕೇವಲ ಪದಗಳ ಸಾಲಿನಿಂದ ನಿರ್ಧಾರವಾಗುವುದಿಲ್ಲವೆಂಬುದಕ್ಕೆ ಕನ್ನಡವೇ ಪ್ರಸಿದ್ಧ ಸಾಕ್ಷಿ. ಲಿಡ್ಜ್ ಮತ್ತು ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಸಂಖ್ಯಾವಾಚಿ ಮತ್ತು ನಿಷೇಧವಿರುವ ವಾಕ್ಯಗಳನ್ನು ಕನ್ನಡದ ಮಕ್ಕಳು ರೇಖೀಯ ಕ್ರಮದಿಂದಲ್ಲ, ಶ್ರೇಣೀಕೃತ ರಚನೆಯಿಂದ ಅರ್ಥೈಸುತ್ತಾರೆಂದು ತೋರಿಸಿತು. ನಾಲ್ಕರ ವಯಸ್ಸಿನ ಮಗುವಿಗೆ ದಕ್ಕಿದ ಈ ಸೂಕ್ಷ್ಮವನ್ನು ನಮ್ಮ ಪಠ್ಯಾನುವಾದವು ಗಣನೆಗೆ ತೆಗೆದುಕೊಳ್ಳಬೇಕಿದೆ.

4. ಆಡುಮಾತಿನ ಆಸರೆ

ಮೇಲ್ಮಿತಿ, ಕೆಳಮಿತಿಗಳ ವಿಷಯದಲ್ಲಿ ಈ ಭಾಗದ ಮಾತು ಸಿದ್ಧವಾದ ವ್ಯಾಕರಣವನ್ನೇ ಒದಗಿಸುತ್ತದೆ. ಅಕಾರಾದಿಯಾಗಿ ಜೋಡಿಸಿದ 1000 ಹೆಸರುಗಳಲ್ಲಿ ಒಂದನ್ನು ಅರ್ಧಿಸುತ್ತ ಹುಡುಕಿದರೆ ‘ಭಾಳ ಅಂದ್ರ’ 10 ಹೋಲಿಕೆ ಸಾಕು. ಒಂದೊಂದಾಗಿ ನೋಡುತ್ತ ಹೋದರೆ 1000ದವರೆಗೂ ಬೇಕಾದೀತು. ‘ಕಮ್ಮಿ ಅಂದ್ರೂ’ ಎಂಬುದು ಇದರ ಮರುಮುಖ. ಮೇಲ್ಮಿತಿಗೆ ‘ಅನ್ನು’ ಧಾತುವಿನ ಪಕ್ಷಾರ್ಥಕ ರೂಪ, ಕೆಳಮಿತಿಗೆ ಅದರದೇ ‘ಊ’ಕಾರಾಂತ ರೂಪ: ವಿದ್ಯಾರ್ಥಿಯ ನಾಲಗೆಯ ಮೇಲೆ ಈ ಭೇದ ಆಗಲೇ ಇದೆ. ಅದನ್ನು ಬಿಟ್ಟು ‘ಅತಿ ಕೆಟ್ಟ ಸನ್ನಿವೇಶ’ವೆಂಬ ಅನುವಾದದಿಂದಲೇ ಪಾಠ ತೊಡಗಿದರೆ ಮಿತಿ ಬೇರೆ, ಸನ್ನಿವೇಶ ಬೇರೆ ಎಂಬ ಮುಖ್ಯ ವಿವೇಕ ಮಸುಕಾಗುತ್ತದೆ; ಉತ್ತಮ ಸನ್ನಿವೇಶಕ್ಕೂ ಮೇಲ್ಮಿತಿ ಇರಬಲ್ಲದು.

5. ಸಮಾರೋಪ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ, ಅಥವಾ ಗಡಿಯಂಚಿನ ಊರುಗಳಲ್ಲಿ ಉರ್ದು, ಮರಾಠಿಯಲ್ಲಿ ಓದಿ ಬಂದ ವಿದ್ಯಾರ್ಥಿ (1)ರಂತಹ ವಾಕ್ಯವನ್ನು ಕಂಠಪಾಠ ಮಾಡಿ ಉತ್ತರ ಬರೆಯಬಹುದು. ಎರಡು ಕ್ರಮಾವಳಿಗಳನ್ನು ಹೋಲಿಸಲು ಮಾತ್ರ ಅದು ಅವನಿಗೆ ಒದಗುವುದಿಲ್ಲ. ಆ ಸೋಲನ್ನು ಕನ್ನಡದ ಅಸಾಮರ್ಥ್ಯವೆಂದು ಎಣಿಸುವ ಅಪಾಯವೂ ಇದೆ. ಆದ್ದರಿಂದ ಪದಗಳನ್ನು ಎಲ್ಲಿಂದಲಾದರೂ ತರೋಣ. ವ್ಯಾಖ್ಯೆಗಳನ್ನು ಮಾತ್ರ ಅನುವಾದಿಸದೆ ಕನ್ನಡದಲ್ಲಿಯೇ ಕಟ್ಟೋಣ. ಪರಿಭಾಷಾ ಸಮಿತಿಗಳಲ್ಲಿ ಕೋಶಕಾರರ ಜೊತೆಗೆ ವಾಕ್ಯರಚನಾಶಾಸ್ತ್ರಜ್ಞರಿಗೂ ಸ್ಥಾನವಿರಬೇಕೆಂಬುದು ಈ ವಿಮರ್ಶೆಯಿಂದ ನಾವು ತಲುಪುವ ತೀರ್ಮಾನ.