ವೈದ್ಯ ಪತ್ರಿಕೆಗಳ ಸಂಪಾದಕರು ಯಾರ ಕಡೆ?

ಸಾಹಿತ್ಯ ಪತ್ರಿಕೆಗಳ ಸಂಪಾದಕರು ಯಾರ ಬರಹ ಹಾಕ್ತಾರೆ, ಯಾರದ್ದನ್ನು ಕಸದ ಬುಟ್ಟಿಗೆ ಎಸೀತಾರೆ ಅಂತ ನಾವು ಬಹಳ ಜಗಳ ಆಡಿದ್ದೇವೆ. ಆಡಲೇಬೇಕಿತ್ತು. ಆದರೆ ನಮ್ಮ ಕೈಗೆ ಸಿಗದ ಇನ್ನೊಂದು ಬಗೆಯ ಪತ್ರಿಕೆಗಳಿವೆ. ಡಾಕ್ಟರುಗಳು ಡಾಕ್ಟರುಗಳಿಗಾಗಿ ಬರೆಯುವ ವೈದ್ಯ ಪತ್ರಿಕೆಗಳು. ಅಲ್ಲಿ ಅಚ್ಚಾಗುವುದು ಮನುಷ್ಯರ ಮೈ, ಬಹಳ ಸಲ ಬಡವರ ಮೈ. ಆ ಸಂಪಾದಕರ ನೀತಿ ಏನು ಅಂತ ನಾವು ಕೇಳದಿದ್ದರೆ ಇನ್ಯಾರು ಕೇಳಬೇಕು?

ಅಮೆರಿಕದ ಅಲಬಾಮ ರಾಜ್ಯದ ಮೇಕನ್ ಕೌಂಟಿಯಲ್ಲಿ 1932ರಲ್ಲಿ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆ ಒಂದು 'ಅಧ್ಯಯನ' ಶುರು ಮಾಡಿತು. ಟಸ್ಕೀಗೀ ಅಧ್ಯಯನ ಅಂತ ಅದಕ್ಕೆ ಹೆಸರು. ಸುಮಾರು 600 ಕರಿಯ ಗಂಡಸರು, ಬಹುಪಾಲು ಧಣಿಗಳ ಹೊಲದಲ್ಲಿ ಪಾಲಿಗೆ ದುಡಿಯುವವರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಗುಹ್ಯರೋಗ ಇತ್ತು. ರೋಗದ ಹೆಸರನ್ನು ಅವರಿಗೆ ಹೇಳಲಿಲ್ಲ. 'ನಿಮ್ಮ ರಕ್ತ ಕೆಟ್ಟಿದೆ' ಅಂದರು, ಅಷ್ಟೆ. ಪರೀಕ್ಷೆಗಾಗಿ ಬೆನ್ನುಹುರಿಗೆ ಸೂಜಿ ಚುಚ್ಚಿ ನೀರು ತೆಗೆಯುವುದನ್ನೇ ವಿಶೇಷ ಉಚಿತ ಚಿಕಿತ್ಸೆ ಅಂತ ಕಾಗದ ಬರೆದು ಕರೆಸಿದರು. 1940ರ ದಶಕದ ಕೊನೆಗೆ ಪೆನಿಸಿಲಿನ್ನೇ ಈ ರೋಗದ ಮದ್ದು ಅಂತ ವೈದ್ಯಲೋಕಕ್ಕೆಲ್ಲ ಗೊತ್ತಾಯಿತು. ಇವರಿಗೆ ಕೊಡಲಿಲ್ಲ. ಮದ್ದಿಲ್ಲದಿದ್ದರೆ ರೋಗ ಮೈಯನ್ನು ಹೇಗೆ ತಿನ್ನುತ್ತೆ ಅಂತ ನೋಡಬೇಕಿತ್ತು, ನೋಡಿದರು. 40 ವರ್ಷ ನೋಡಿದರು.

ಇದೆಲ್ಲ ಗುಟ್ಟಾಗಿ ನಡೆಯಿತು ಅಂದುಕೊಳ್ಳಬೇಡಿ. ಮೊದಲ ವರದಿ 1936ರಲ್ಲೇ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. 1953ರ ಒಂದು ಲೇಖನವಂತೂ ಈ ಜನರನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡ ಬಗೆಯನ್ನೇ ವಿವರಿಸಿತು: ನರ್ಸಮ್ಮ ಕಾರಿನಲ್ಲಿ ಕರೆದೊಯ್ದದ್ದು, ಹೆಣ ಕೊಯ್ದು ನೋಡಲು ಬಿಟ್ಟರೆ ಮಣ್ಣು ಮಾಡುವ ಖರ್ಚು ಕೊಡುತ್ತೇವೆ ಅಂದದ್ದು. 1964ರಲ್ಲಿ 30ನೇ ವರ್ಷದ ವರದಿ ಇನ್ನೊಂದು ದೊಡ್ಡ ಪತ್ರಿಕೆಯಲ್ಲಿ ಬಂತು. ಸಂಪಾದಕರು ಓದಿದರು, ತಿದ್ದಿದರು, ಅಚ್ಚು ಹಾಕಿದರು. ಆ ಮನುಷ್ಯರಿಗೆ ಮದ್ದು ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಅಚ್ಚಿನ ದಾರಿಗೆ ಅಡ್ಡ ಬರಲೇ ಇಲ್ಲ.

1936ರ ಲೇಖನದ ತಲೆಬರಹವನ್ನೇ ನೋಡಿ: 'ನೀಗ್ರೋ ಗಂಡಸಿನಲ್ಲಿ ಚಿಕಿತ್ಸೆಯಿಲ್ಲದ ಸಿಫಿಲಿಸ್'. ಚಿಕಿತ್ಸೆ 'ಇಲ್ಲದ' ಎಂಬ ಮಾತಿಗೆ ಕರ್ತೃ ಇಲ್ಲ. ಮಳೆಯಿಲ್ಲದ ಊರು ಅಂದ ಹಾಗೆ. ಚಿಕಿತ್ಸೆ ಕೊಡದೆ ಬಿಟ್ಟವರು ಯಾರು? ಆ ವಾಕ್ಯದಲ್ಲಿ ಅವರು ಇಲ್ಲವೇ ಇಲ್ಲ, ಲೇಖಕರ ಪಟ್ಟಿಯಲ್ಲಿ ಮಾತ್ರ ಇದ್ದಾರೆ. ನಮ್ಮ ಮೇಷ್ಟ್ರುಗಳು ವ್ಯಾಕರಣ ಪಾಠಕ್ಕೆ ಈ ಉದಾಹರಣೆ ತೆಗೆದುಕೊಳ್ಳಬಹುದು. ಊರಲ್ಲಿ 'ನೀರಿಲ್ಲದ ಕೇರಿ' ಅಂತಾರಲ್ಲ, ಹಾಗೆ. ನೀರು ಕೊಡದವರ ಹೆಸರು ಆ ಮಾತಿನಲ್ಲೂ ಇಲ್ಲ.

1964ರ ಲೇಖನ ಓದಿ ದಂಗಾದವನು ಇರ್ವಿನ್ ಷಾಟ್ಸ್ ಎಂಬ ಎಳೆಯ ಡಾಕ್ಟರು. 1965ರಲ್ಲಿ ಅವನು ಲೇಖಕರಿಗೆ ನೇರ ಕಾಗದ ಬರೆದ. ಉತ್ತರಿಸುವುದಿಲ್ಲ ಎಂಬ ಷರಾ ಬಿದ್ದು ಅದು ಕಡತ ಸೇರಿತು. ಕೊನೆಗೆ ಇಲಾಖೆಯೊಳಗೇ ದುಡಿದಿದ್ದ ಪೀಟರ್ ಬಕ್ಸ್‌ಟನ್ ಸುದ್ದಿಯನ್ನು ಹೊರಗೆ ಕೊಟ್ಟ. 1972ರ ಜುಲೈನಲ್ಲಿ ಅದು ದಿನಪತ್ರಿಕೆಗಳಿಗೆ ಬಂದು, ಕೆಲವೇ ತಿಂಗಳಲ್ಲಿ ಅಧ್ಯಯನ ನಿಂತಿತು. ಬೀದಿಯ ಜನಕ್ಕೆ ಒಂದೇ ದಿನದಲ್ಲಿ ಅರ್ಥವಾದದ್ದು ಪಂಡಿತ ಸಂಪಾದಕರಿಗೆ 36 ವರ್ಷ ಅರ್ಥವಾಗಲಿಲ್ಲ. ಅದೇ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅಮೆರಿಕದ ಕರಿಯರ ಪಕ್ಷದಿಂದ ಹೆಸರು ತಂದುಕೊಂಡ ನಾವು ಅವರ ಈ ಗಾಯವನ್ನೂ ತಿಳಿದಿರಬೇಕು.

ಇನ್ನು ನಿಯಮಗಳ ಮಾತು. 1966ರಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯ ಇಂಥದೇ 22 ಪ್ರಯೋಗಗಳನ್ನು ಪಟ್ಟಿ ಮಾಡಿ, ಅನ್ಯಾಯದಿಂದ ಪಡೆದ ಮಾಹಿತಿಯನ್ನು ಅಚ್ಚು ಹಾಕಬಾರದು ಅಂದ. ಪ್ರಯೋಗ ಮಾಡಿದವರ ಹೆಸರುಗಳನ್ನು ಮಾತ್ರ ಮುಚ್ಚಿಟ್ಟ. 1975ರಲ್ಲಿ ಟೋಕಿಯೋದಲ್ಲಿ ತಿದ್ದುಪಡಿಯಾದ ಹೆಲ್ಸಿಂಕಿ ಘೋಷಣೆ, ನೀತಿಗೆ ಹೊರತಾದ ಪ್ರಯೋಗಗಳ ವರದಿಯನ್ನು ಪ್ರಕಟಣೆಗೆ ಸ್ವೀಕರಿಸಬಾರದು ಅಂತ ಬರೆಯಿತು. 1978ರಲ್ಲಿ ವ್ಯಾಂಕೂವರಿನಲ್ಲಿ ಕೆಲವು ಸಂಪಾದಕರು ಸೇರಿದರು. ಮೊದಲು ಅವರು ಗಟ್ಟಿಮಾಡಿದ್ದು ಹಸ್ತಪ್ರತಿ ಹೇಗಿರಬೇಕು, ಉಲ್ಲೇಖಗಳನ್ನು ಹೇಗೆ ಬರೆಯಬೇಕು ಎಂಬುದನ್ನ. ನೀತಿಯ ಮಾತು ಆಮೇಲೆ ಬೆಳೆಯಿತು. 1997ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಣಾ ನೀತಿಗೆಂದೇ ಒಂದು ಸಮಿತಿ ಹುಟ್ಟಿತು. ಈಗ ಯಾರು ಲೇಖಕ, ಯಾರು ಕದ್ದು ಬರೆದ, ಯಾವ ಕಂಪನಿಯ ದುಡ್ಡು ತಿಂದ, ಎಲ್ಲಕ್ಕೂ ನಿಯಮ ಉಂಟು. ಬೇಕಾದ್ದೇ, ನಾವು ಹಳಿಯುವುದಿಲ್ಲ. ಆದರೆ ಈ ನಿಯಮಗಳು ಮುಖ್ಯವಾಗಿ ಮಾತಾಡುವುದು ಲೇಖಕರ ಜೊತೆ, ಓದುಗರ ಜೊತೆ. ಯಾರ ಮೈ ಅಚ್ಚಾಯಿತೋ ಅವನು ದೂರು ಕೊಡಬೇಕೆಂದರೆ, ಆ ಪತ್ರಿಕೆ ಅವನ ಕಣ್ಣಿಗೇ ಬೀಳುವುದಿಲ್ಲ.

ದೂರ ಯಾಕೆ ಹೋಗಬೇಕು? ನಮ್ಮ ಗಡಿಗೆ ತಾಗಿದ ಮರಾಠವಾಡದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಅಲ್ಲಿನ ಹಳ್ಳಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಅಧ್ಯಯನ ನಡೆಯಿತು. ಫಲಿತಾಂಶ 2009ರಲ್ಲಿ ಅಮೆರಿಕದ ಹೆಸರಾಂತ ಪತ್ರಿಕೆಯಲ್ಲಿ ಬಂತು. ಹೋಲಿಸಿ ನೋಡುವುದಕ್ಕೆ ಅಂತ 31,488 ಹೆಂಗಸರಿಗೆ ತಪಾಸಣೆ ಮಾಡಲಿಲ್ಲ, ಎಲ್ಲಿ ಸಿಗುತ್ತೆ ಅಂತ ತಿಳಿವಳಿಕೆ ಹೇಳಿದರು. ಅವರಲ್ಲಿ 64 ಮಂದಿ ಆ ಕ್ಯಾನ್ಸರಿನಿಂದ ಸತ್ತರು. ಒಂದೇ ಒಂದು ಸಲ ವೈರಸ್ ಪರೀಕ್ಷೆಗೆ ಒಳಪಟ್ಟ, ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಗುಂಪಿನಲ್ಲಿ ಸತ್ತವರು 34. ದೇಶದಲ್ಲಿ ಅಂಥ ತಪಾಸಣೆಯ ಏರ್ಪಾಡೇ ಇರಲಿಲ್ಲ, ನೈತಿಕ ಸಮಿತಿಗಳ ಒಪ್ಪಿಗೆ ಇತ್ತು ಅಂತ ಸಂಶೋಧಕರು ಹೇಳುತ್ತಾರೆ. ಇದನ್ನೂ ಅಲಬಾಮದ ಮೋಸವನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಈ ಅಧ್ಯಯನದಿಂದ ಬಂದ ತಿಳಿವಳಿಕೆ ಹೆಂಗಸರ ಪ್ರಾಣ ಉಳಿಸಬಲ್ಲದು ಎಂಬುದೂ ನಿಜ. ಆದರೆ 'ಇವರಿಗೆ ಮೊದಲೇ ಏನೂ ಇರಲಿಲ್ಲ' ಎಂಬುದು ಒಂದು ಉತ್ತರವೇ? ಏನೂ ಇಲ್ಲದ ಹಾಗೆ ಮಾಡಿದ್ದು ಯಾರು? ಈ ತಕರಾರನ್ನು 2014ರಲ್ಲಿ ಅಚ್ಚು ಹಾಕಿ, ಸಂಶೋಧಕರ ಉತ್ತರವನ್ನೂ ಹಾಕಿದ್ದು 1993ರಲ್ಲಿ ಮುಂಬಯಿಯಲ್ಲಿ ಶುರುವಾದ ಭಾರತೀಯ ವೈದ್ಯನೀತಿ ಪತ್ರಿಕೆ. ಸಣ್ಣ ಪತ್ರಿಕೆಯ ಕೆಲಸ ಅಂದರೆ ಇದು.

ಸಮಿತಿ ಒಪ್ಪಿದ್ದರೂ ನಡೆದದ್ದು ಸರಿಯೇ ಅಂತ ಸಂಪಾದಕ ತಾನೇ ತೂಗಿ ನೋಡಬಹುದು ಎಂದು ವ್ಯಾಂಕೂವರ್ ಬಳಗದ ಇಂದಿನ ನಿಯಮಗಳಲ್ಲೇ ಇದೆ. 'ಬಹುದು' ಸಾಲದು, 'ಬೇಕು' ಆಗಬೇಕು. ಮದ್ದು ಇತ್ತೆ? ಇದ್ದರೆ ಯಾರಿಗೆ ಕೊಡಲಿಲ್ಲ, ಯಾಕೆ ಕೊಡಲಿಲ್ಲ? ಅವರ ಮಾತಿನಲ್ಲಿ ಅವರಿಗೆ ತಿಳಿಯುವಂತೆ ಹೇಳಿದರೆ? ಬೇಡ ಅನ್ನುವ ಧೈರ್ಯ ಅವರಿಗಿತ್ತೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಲೇಖನ ಅಚ್ಚಾಗಬಾರದು.

ಗೆಳೆಯರೆ, ನಾಳೆ ನಿಮ್ಮ ಕೇರಿಗೂ ಯಾರಾದರೂ ಸೂಜಿ, ಫಾರಂ ಹಿಡಿದು ಬರಬಹುದು. ಬಂದವರನ್ನು ಓಡಿಸಬೇಡಿ, ನಮಗೂ ಮದ್ದು ಬೇಕು, ವಿಜ್ಞಾನ ಬೇಕು. ಫಾರಂ ಓದಿ, ಓದಲಾರದವರಿಗೆ ಓದಿ ಹೇಳಿ. ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿ: ಇದು ಚಿಕಿತ್ಸೆಯೋ, ಪರೀಕ್ಷೆಯೋ? ನಮ್ಮಲ್ಲಿ ಯಾರಿಗೆ ಕೊಡ್ತೀರಿ, ಯಾರಿಗೆ ಕೊಡೋದಿಲ್ಲ? ಇದನ್ನು ಯಾವ ಪತ್ರಿಕೆಯಲ್ಲಿ ಬರೀತೀರಿ, ಅದರ ಸಂಪಾದಕರ ವಿಳಾಸ ಏನು? ವಿಳಾಸ ಬರೆದಿಟ್ಟುಕೊಳ್ಳಿ. ಕಾಗದ ಬರೆಯುವುದು ನಮಗೂ ಗೊತ್ತಿದೆ.