ನಗೋಕೆ ದೊಡ್ಡ ಪರದೆ ಯಾಕೆ?

ಮನೆಮಂದಿಯೆಲ್ಲ ಸಿನಿಮಾಕ್ಕೆ ಹೋಗೋಣವೆಂದಾಗ ಈಗ ಮೊದಲು ಪಟ್ಟಿಯಿಂದ ಹೊರಗೆ ಬೀಳುವುದು ಹಾಸ್ಯಚಿತ್ರವೇ. ‘ಕೆಜಿಎಫ್’ (2018), ‘ಕಾಂತಾರ’ (2022) ಆದರೆ ಸರಿ, ಅವಕ್ಕೆ ದೊಡ್ಡ ಪರದೆ ಬೇಕು. ನಗುವುದಕ್ಕೆ ಅಷ್ಟು ದುಡ್ಡು ಯಾಕೆ, ಸ್ವಲ್ಪ ದಿನ ಕಾದರೆ ಮೊಬೈಲಿಗೇ ಬರುತ್ತದಲ್ಲ! ಈ ಲೆಕ್ಕ ಹಾಕುವವರು ಹೆಚ್ಚಾಗಿ ನಾವೇ. ನಾಲ್ಕು ಟಿಕೆಟ್ಟು, ಆಟೋ, ಪಾಪ್‌ಕಾರ್ನ್ ಎಂದು ಕೂಡಿಸುವಷ್ಟರಲ್ಲಿ ಹಾಲಿನವನ ಬಾಕಿ ಕಣ್ಣಮುಂದೆ ಬರುತ್ತದೆ. 2020ರಲ್ಲಿ ಕೊರೊನಾದಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಮೆಜಾನ್ ಪ್ರೈಮ್‌ಗೇ ಬಂತು. ಬಾಗಿಲು ತೆರೆದ ಮೇಲೂ ಮನೆಯಲ್ಲೇ ನೋಡುವ ರೂಢಿ ಬಿಡಲಿಲ್ಲ.

ದುಡ್ಡಿನ ಮಾತಿರಲಿ, ಪೆಟ್ಟು ಬಿದ್ದಿರುವುದು ಕಥೆಗೇ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ನೆನಪಿದೆಯಲ್ಲ? ಅನಂತನಾಗ್, ವಿನಯಾ ಪ್ರಸಾದ್ ವಠಾರದಲ್ಲಿ ಹಾವು ಮುಂಗುಸಿ. ಕಾಗದದಲ್ಲಿ ಮಾತ್ರ, ಗುರುತೇ ತಿಳಿಯದ ಪ್ರೇಮಿಗಳು. ಇಂದಾಗಿದ್ದರೆ ಎರಡನೇ ಕಾಗದಕ್ಕೆ ಮೊದಲೇ ವಾಟ್ಸಾಪಿನಲ್ಲಿ ಫೋಟೊ ಬಂದು ಸಿನಿಮಾ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಸುಳ್ಳು, ಗೊಂದಲಗಳ ಮೇಲೆ ನಿಂತ ಹಾಸ್ಯಕ್ಕೆ ಈಗ ನೆಲವೇ ಇಲ್ಲ. ಇನ್ನು ರೀಲ್ಸ್ ನೋಡಿ: ಬರೀ ಒಗ್ಗರಣೆ, ಸಾರು ಎಲ್ಲಿ? ಅರ್ಧ ಗಂಟೆ ಕುದಿಸಿ ಆಮೇಲೆ ನಗಿಸುವ ತಾಳ್ಮೆ ಬರೆಯುವವರಿಗೂ ಇಲ್ಲ, ನೋಡುವ ನಮಗೂ ಇಲ್ಲ.

ಎಲ್ಲ ತಪ್ಪನ್ನೂ ಇಂಟರ್‌ನೆಟ್ಟಿನ ತಲೆಗೆ ಕಟ್ಟಬೇಕಾಗಿಲ್ಲ. ಹೆಂಡತಿಯನ್ನು ಆಡಿಕೊಳ್ಳುವುದು, ದಪ್ಪಗಿದ್ದವಳನ್ನು ನೋಡಿ ನಗುವುದು, ಎರಡರ್ಥದ ಸಂಭಾಷಣೆ, ಇವೇ ಹಾಸ್ಯವೆಂದು ಕೆಲವರು ಮೊದಲೇ ತೀರ್ಮಾನಿಸಿದ್ದರು. ಮಕ್ಕಳ ಪಕ್ಕ ಕೂತು ನೋಡಲಾಗದೆ ಹೆಂಗಸರು ಆಗಲೇ ಎದ್ದು ಬಂದಿದ್ದರು.

ಹಾಗಾದರೆ ಹೋದರೆ ಹೋಗಲಿ ಎನ್ನೋಣವೇ? ನನಗೆ ಮನಸ್ಸಿಲ್ಲ. ನಗುವ ಹೆಂಗಸನ್ನು ನಂಬಬಾರದೆಂದು ಗಾದೆ ಮಾಡಿದ ನಾಡು ನಮ್ಮದು. ಚಿತ್ರಮಂದಿರದ ಕತ್ತಲಲ್ಲಿ ಮಾತ್ರ ಅತ್ತೆ, ಸೊಸೆ, ಪಕ್ಕದ ಸಾಲಿನ ಅಪರಿಚಿತೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗಬಹುದಿತ್ತು. ಆ ನಗೆಯಲ್ಲಿ ಮುಂದಿನ ಮಾತೇ ಕೇಳಿಸುತ್ತಿರಲಿಲ್ಲ. ಮೊಬೈಲಿನಲ್ಲಿ ನಾವು ನಗುವುದಿಲ್ಲ, ಮುಗುಳ್ನಕ್ಕು ಹಳದಿ ಮುಖವೊಂದನ್ನು ಕಳಿಸುತ್ತೇವೆ, ಅದೂ ಕುಕ್ಕರಿನ ಎರಡನೇ ಕೂಗಿಗೂ ಮೂರನೇ ಕೂಗಿಗೂ ನಡುವೆ.

2025ರ ಜುಲೈಯಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ಗೆ ದೊಡ್ಡ ನಾಯಕನಿರಲಿಲ್ಲ. ಕರಾವಳಿಯ ಒಂದು ಊರು, ಒಬ್ಬ ಹುಡುಗನ ಮೈಮೇಲೆ ಬಂದಿದೆಯೆಂದು ಎಲ್ಲರೂ ನಂಬಿದ ಒಂದು ದೆವ್ವ, ಅಷ್ಟೆ. ಜನ ನೆರೆದರು. ಊರಿಗೆ ಊರೇ ಮೋಸಹೋಗುವ ಕಥೆಗೆ, ನೋಡುವುದಕ್ಕೂ ಊರಿನಷ್ಟು ಜನ ಬೇಕು. ಫೋನ್ ಎಷ್ಟೇ ದೊಡ್ಡದಾದರೂ ಅದರಲ್ಲಿ ಊರು ಹಿಡಿಸುವುದಿಲ್ಲ.

ಮುಂದಿನ ಸಲ ಒಳ್ಳೆಯ ಹಾಸ್ಯಚಿತ್ರ ಬಂದರೆ, ಹಾಲಿನ ಲೆಕ್ಕ ಒಂದು ದಿನ ಪಕ್ಕಕ್ಕಿಡಿ. ಪಕ್ಕದ ಮನೆಯವರನ್ನೂ ಕರೆದುಕೊಳ್ಳಿ.